ಆತುರನ ಜ್ಞಾಪಕತ್ವ

ವೈದ್ಯನು ರೋಗವನ್ನು ತಪ್ಪಾಗಿ ತಿಳಿದರೆ ಆ ತಪ್ಪೆಲ್ಲವೂ ವೈದ್ಯನದೇ ಎಂದು ಭಾವಿಸುವುದು ಲೋಕರೂಢಿ. ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಅಭಿಪ್ರಾಯವು ಹಾಗಿಲ್ಲ. ರೋಗನಿರ್ಣಯದಲ್ಲಿ ರೋಗಿಗೂ ಒಂದು ಕರ್ತವ್ಯವುಂಟೆಂಬುದು ಅವುಗಳ ಮತ. ಆ ಕರ್ತವ್ಯದ ಸ್ವರೂಪವೇನು, ಮುಂದೆ ಅದು ಜನರ ಮನಸ್ಸಿನಿಂದ ಹೇಗೆ ಮರೆಯಾಯಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ಎಣಿಸಿದೆ. ರೋಗಿಯ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬಿವು. ಹೇಳಿದಂತೆ ನಡೆಯುವುದೂ ಅಂಜದಿರುವುದೂ ಚಿಕಿತ್ಸೆಗೆ ಬೇಕಾದುವು. ನಡೆದುದನ್ನು ನೆನಪಿನಲ್ಲಿಡುವ ಸ್ಮೃತಿಯೂ, ತನ್ನ ರೋಗವನ್ನು ವೈದ್ಯನಿಗೆ ತಿಳಿಯಪಡಿಸುವ ಜ್ಞಾಪಕತ್ವವೂ ನಿರ್ಣಯಕ್ಕೇ ಸೇರಿದುವು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಈ ಪಟ್ಟಿಯನ್ನು ಕೊಂಚ ಮಾರ್ಪಡಿಸಿದರೂ, ರೋಗಿಯು ಜ್ಞಾಪಕನಾಗಿರಬೇಕೆಂಬ ಮಾತನ್ನು ಬಿಟ್ಟಿಲ್ಲ.

ಈ ಗುಣವು ಏತಕ್ಕೆ ಬೇಕೆಂಬುದು ಚರಕದ ವಿಮಾನಸ್ಥಾನದ 4ನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ವೈದ್ಯನು ಮೈಬಣ್ಣವನ್ನು ಕಣ್ಣಿನಿಂದಲೂ, ಕರುಳಿನ ಸದ್ದನ್ನು ಕಿವಿಯಿಂದಲೂ, ಚರ್ಮದ ಸ್ಥಿತಿಯನ್ನು ಕೈಯಿಂದಲೂ ಅರಿಯಬಲ್ಲನು. ರೋಗಿಯ ಬಾಯಿರುಚಿ, ಕನಸು, ಬೇಕುಬೇಡಗಳು, ಸುಖದುಃಖಗಳು ಮಾತ್ರ ಅವನನ್ನು ಕೇಳಿಯೇ ತಿಳಿಯತಕ್ಕವು. ಲಕ್ಷಣವು ಮರೆಯಾಗಿರುವ ವ್ಯಾಧಿಯನ್ನು ಯಾವುದರಿಂದ ಶಮನವಾಯಿತು, ಯಾವುದರಿಂದ ಉಲ್ಬಣಿಸಿತು ಎಂಬುದರ ಮೂಲಕ ಪರೀಕ್ಷಿಸಬೇಕೆಂದೂ ಅಲ್ಲಿ ವಿಧಿಸಿದೆ. ಸುಶ್ರುತಸಂಹಿತೆಯು ಇನ್ನೂ ನೇರವಾಗಿ ನುಡಿಯುತ್ತದೆ: ತಪ್ಪಾಗಿ ಕಂಡ, ತಪ್ಪಾಗಿ ಹೇಳಲ್ಪಟ್ಟ, ತಪ್ಪಾಗಿ ವಿಮರ್ಶಿಸಲ್ಪಟ್ಟ ರೋಗಗಳು ಚಿಕಿತ್ಸಕನನ್ನು ಭ್ರಾಂತಿಗೊಳಿಸುವುವೆಂದು ಅದರ ಅಭಿಪ್ರಾಯ. ಈ ಮೂರರಲ್ಲಿ ನಡುವಣದು, ಎಂದರೆ ‘ದುರಾಖ್ಯಾತ’ವು, ರೋಗಿಯ ಹೊಣೆ. ಮಾತು ಬಾರದ ಕೂಸುಗಳಿಗಾಗಿ ಕಾಶ್ಯಪಸಂಹಿತೆಯು ‘ವೇದನಾಧ್ಯಾಯ’ವೆಂದು ಬೇರೊಂದು ಅಧ್ಯಾಯವನ್ನೇ ರಚಿಸಿ, ಕಿವಿನೋವಿದ್ದರೆ ಕೂಸು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದೇ ಮೊದಲಾದ ಇಂಗಿತಗಳನ್ನು ವಿವರಿಸಿದೆ. ರೋಗಿಯ ಮಾತಿಲ್ಲದಿದ್ದರೆ ವೈದ್ಯನ ಕೆಲಸವೆಷ್ಟು ಕಷ್ಟವೆಂಬುದಕ್ಕೆ ಈ ಅಧ್ಯಾಯವೇ ಸಾಕ್ಷಿ.

ಕಾಲಾಂತರದಲ್ಲಿ ಪರೀಕ್ಷಾಕ್ರಮವು ಬೆಳೆಯಿತು. ಶಾರ್ಙ್ಗಧರಸಂಹಿತೆಯಲ್ಲಿ ನಾಡೀಪರೀಕ್ಷೆಯ ನಿರೂಪಣೆ ಕಾಣಬರುತ್ತದೆ. ಯೋಗರತ್ನಾಕರವು ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ಕಣ್ಣು, ಆಕೃತಿ ಎಂಬ ಎಂಟು ಸ್ಥಾನಗಳನ್ನು ಎಣಿಸುತ್ತದೆ. ಈ ಎಂಟರಲ್ಲಿ ಪ್ರಶ್ನೆಗೆ ಪ್ರತ್ಯೇಕ ಸ್ಥಾನವಿಲ್ಲ. ಇದರಿಂದ ವೈದ್ಯರು ಪ್ರಶ್ನಿಸುವುದನ್ನೇ ಬಿಟ್ಟರೆಂದು ಊಹಿಸುವುದು ಸರಿಯಲ್ಲ. ಆದರೆ ಜನರಲ್ಲಿ ಮಾತ್ರ, ಕೈಹಿಡಿದೊಡನೆ ರೋಗವನ್ನು ಹೇಳಬಲ್ಲವನೇ ನಿಜವಾದ ವೈದ್ಯನೆಂಬ ನಂಬಿಕೆಯು ಬೇರೂರಿತು. ತುಟಿ ಬಿಚ್ಚದೆ ಕೈಚಾಚಿ ವೈದ್ಯನನ್ನು ಪರೀಕ್ಷಿಸುವ ರೋಗಿಯು ತನಗೆ ತಾನೇ ಅಪಕಾರ ಮಾಡಿಕೊಳ್ಳುವನೆಂಬುದು ಮರೆತುಹೋಯಿತು.

ಪಾಶ್ಚಾತ್ಯ ವೈದ್ಯದಲ್ಲಿಯೂ ಇದೇ ವಿಷಯವು ಪರೀಕ್ಷೆಗೆ ಒಳಗಾಗಿದೆ. ಎಫೆಸಸ್ಸಿನ ರೂಫಸನು ರೋಗಿಯನ್ನು ಪ್ರಶ್ನಿಸುವ ಕ್ರಮವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. 1816ರಲ್ಲಿ ಲೆನೆಕ್ಕನು ಸ್ಟೆತಾಸ್ಕೋಪನ್ನು ಕಂಡುಹಿಡಿದ ಮೇಲೆ ಯಂತ್ರಗಳ ಪ್ರಾಶಸ್ತ್ಯವು ಹೆಚ್ಚುತ್ತ ಬಂದಿತು. ಆದರೂ 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಹೊಸದಾಗಿ ಬಂದ 80 ಮಂದಿ ರೋಗಿಗಳ ಪೈಕಿ 66 ಮಂದಿಯ ರೋಗವು, ಅವರನ್ನು ಕಳುಹಿಸಿದ ವೈದ್ಯರ ಪತ್ರ ಮತ್ತು ರೋಗಿಯು ಹೇಳಿದ ವೃತ್ತಾಂತ ಇವೆರಡರಿಂದಲೇ ಸರಿಯಾಗಿ ನಿರ್ಣಯವಾಯಿತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2015ರ ತಮ್ಮ ವರದಿಯಲ್ಲಿ ರೋಗಿಯನ್ನೂ ಅವನ ಮನೆಯವರನ್ನೂ ನಿರ್ಣಯಮಂಡಲಿಯ ಸದಸ್ಯರೆಂದೇ ಪರಿಗಣಿಸಿವೆ.

ರೋಗಿಯ ಮಾತೊಂದೇ ಸಾಕು, ಬೇರೆ ಪರೀಕ್ಷೆಗಳು ಬೇಡವೆಂಬುದು ಇದರ ಅರ್ಥವಲ್ಲ. ಯಾವ ಪರೀಕ್ಷೆಯನ್ನು ಮಾಡಬೇಕೆಂಬುದಕ್ಕೆ ಆ ಮಾತೇ ದಾರಿ ತೋರಿಸತಕ್ಕದ್ದು. ನೋವು ಎಂದು ಮೊದಲಾಯಿತು, ಅದಕ್ಕೆ ಮುಂಚೆ ಏನು ಕಂಡಿತು, ಯಾವುದರಿಂದ ಹೆಚ್ಚಿತು, ಯಾವುದರಿಂದ ತಗ್ಗಿತು, ಬೇರೆಡೆ ಯಾವ ಔಷಧವನ್ನು ಸೇವಿಸಿದ್ದಾಯಿತು ಎಂಬುದನ್ನು, ತಾನೇ ರೋಗಕ್ಕೆ ಹೆಸರಿಡದೆ, ನಾಚಿಕೆಯಿಂದ ಮುಚ್ಚಿಡದೆ, ಕಂಡುದನ್ನು ಕಂಡಂತೆ ಹೇಳುವುದೇ ಜ್ಞಾಪಕತ್ವ. ಚರಕನು ಇದನ್ನು ರೋಗಿಯ ಗುಣವೆಂದು ಕರೆದನೇ ಹೊರತು ವೈದ್ಯನಿಗೆ ಮಾಡುವ ಉಪಕಾರವೆಂದು ಕರೆಯಲಿಲ್ಲ.