ಅನುಕರಣದ ಋಣ

ಕುಮಟಾ ತಾಲೂಕಿನ ಹೊಳನಗದ್ದೆಯಂಥ ಕಡಲತಡಿಯ ಊರುಗಳಲ್ಲಿ, ಕೊಯ್ಲು ಮುಗಿದು ಗದ್ದೆಬಯಲು ಒಣಗಿದ ಮೇಲೆ, ಇರುಳಲ್ಲಿ ಚಂಡೆಯ ಸದ್ದು ಕೇಳಿಬಂದಿತೆಂದರೆ ಎಲ್ಲಿಯೋ ಯಕ್ಷಗಾನದ ಆಟವಿದೆಯೆಂದೇ ಅರ್ಥ. ಭಾಗವತರು ಹಾಡುವ ಪದ್ಯ ಎಂದೋ ಆಗಿಹೋದ ಕವಿಯೊಬ್ಬನದು. ಹಾಡುವ ಮಟ್ಟು ಅವರ ಗುರುವಿನದು. ವೇಷಧಾರಿಯ ಹೆಜ್ಜೆಯು ಅವನು ಚಿಕ್ಕಂದಿನಲ್ಲಿ ಚೌಕಿಯ ಮೂಲೆಯಲ್ಲಿ ನಿಂತು ನೋಡಿ ಕಲಿತ ಹಿರಿಯನೊಬ್ಬನದು. ಹೀಗೆ ಎಲ್ಲವೂ ಪರರಿಂದ ಪಡೆದುದೇ ಆದರೂ ಆ ಕಲೆಯನ್ನು ಚೌರ್ಯವೆಂದು ಯಾರೂ ಕರೆದಿಲ್ಲ. ಪರರ ಕೃತಿಯನ್ನು ಬೆರಳ ತುದಿಯಿಂದ ಕ್ಷಣಾರ್ಧದಲ್ಲಿ ನಕಲು ಮಾಡಿಕೊಳ್ಳಬಹುದಾದ ಈ ದಿನಗಳಲ್ಲಿ, ಪಡೆಯುವುದಕ್ಕೂ ಕದಿಯುವುದಕ್ಕೂ ಇರುವ ಅಂತರವನ್ನು ನಮ್ಮ ಕರಾವಳಿಯ ಪೂರ್ವೇತಿಹಾಸದಿಂದಲೇ ಅರಿತುಕೊಳ್ಳುವುದು ಉಚಿತವೆಂದು ನನಗೆ ತೋರುತ್ತದೆ.

ಅಚ್ಚುಕೂಟಗಳು ಬರುವ ಮುನ್ನ ಪ್ರಸಂಗವೊಂದು ಊರಿಂದೂರಿಗೆ ಸಾಗಬೇಕಾದರೆ ಪ್ರತಿ ಮಾಡಿಕೊಳ್ಳುವುದೊಂದೇ ದಾರಿಯಾಗಿತ್ತು. ಹದಗೊಳಿಸಿದ ತಾಳೆಯ ಗರಿಯನ್ನು ಎಡಗೈಯಲ್ಲಿ ಹಿಡಿದು, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಕೊರೆದ ಗೀರುಗಳಲ್ಲಿ ನಿಲ್ಲುವಂತೆ ಕಾಡಿಗೆಯನ್ನು ಉಜ್ಜಿ, ಹೆಚ್ಚಾದುದನ್ನು ಒರಸಿ, ಗರಿಗಳ ತೂತಿಗೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುವ ತನಕ ಲಿಪಿಕಾರನು ದಿನಗಟ್ಟಲೆ ಬೆನ್ನು ಬಗ್ಗಿಸಿ ಕುಳಿತಿರಬೇಕಾಗಿತ್ತು. ಇಷ್ಟು ಶ್ರಮಪಟ್ಟವನು ಕಡೆಯ ಗರಿಯಲ್ಲಿ, ತಾನು ಕಂಡುದನ್ನು ಕಂಡಂತೆಯೇ ಬರೆದಿರುವುದಾಗಿ ಹೇಳಿಕೊಂಡು, ತಪ್ಪಿದ್ದರೆ ಮನ್ನಿಸಬೇಕೆಂದೂ ನೀರು ಎಣ್ಣೆಗಳು ತಾಗದಂತೆ ಗ್ರಂಥವನ್ನು ಕಾಪಾಡಬೇಕೆಂದೂ ಓದುವವರನ್ನು ಬೇಡಿಕೊಳ್ಳುತ್ತಿದ್ದನೇ ಹೊರತು ಕೃತಿ ತನ್ನದೆಂದು ಸಾಧಿಸುತ್ತಿರಲಿಲ್ಲ. ಆದರೂ ಕವಿಯ ಹೆಸರು ಅಸ್ಪಷ್ಟವಾದ ಕಡೆ ಮುಂದಿನವರಿಗೆ ಎಂಥ ತೊಡಕುಂಟಾಗುತ್ತದೆಂಬುದಕ್ಕೆ ಕುಂಬಳೆಯ ಪಾರ್ತಿಸುಬ್ಬನ ವಿಷಯವೇ ಸಾಕ್ಷಿ: ಅವನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳು ನಿಜವಾಗಿ ಅವನವೇ ಎಂಬ ಪ್ರಶ್ನೆಯಲ್ಲಿ ಮುಳಿಯ ತಿಮ್ಮಪ್ಪಯ್ಯನವರೂ ಶಿವರಾಮ ಕಾರಂತರೂ ಭಿನ್ನಪಕ್ಷಗಳನ್ನು ಹಿಡಿಯಬೇಕಾಯಿತು.

ಇದೇ ಕರಾವಳಿಯಿಂದ ಹೊರಟ ಒಂದು ಅನುಕರಣದ ಕಥೆ ಇನ್ನೂ ದೊಡ್ಡದು. 1842ರಲ್ಲಿ ಕನ್ನಡನಾಡಿನ ಭಾಗವತ ಮೇಳವೊಂದು ಘಟ್ಟವನ್ನು ಹತ್ತಿ ಸಾಂಗಲಿಗೆ ಹೋಗಿ ಆಟವಾಡಿತು; ಅದು ಹೊನ್ನಾವರದ ಬಳಿಯ ಕರ್ಕಿಯ ಮೇಳವೆಂಬುದು ನಮ್ಮ ಕಡೆಯ ರಂಗಪ್ರಿಯರಲ್ಲಿ ರೂಢವಾಗಿರುವ ಮಾತು. ಆಟವನ್ನು ನೋಡಿದ ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು, ಅಂಥದನ್ನೇ ಇನ್ನಷ್ಟು ಪರಿಷ್ಕರಿಸಿ ಮರಾಠಿಯಲ್ಲಿ ರಚಿಸಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತರು. ಮರುವರ್ಷ, 1843ರ ನವೆಂಬರ್ 5ರಂದು, ಭಾವೆಯವರ ಸೀತಾಸ್ವಯಂವರ ರಂಗವೇರಿತು. ಮರಾಠಿ ರಂಗಭೂಮಿಯ ಜನ್ಮದಿನವೆಂದು ಮಹಾರಾಷ್ಟ್ರದವರು ಗಣಿಸುವುದು ಆ ದಿನವನ್ನೇ. ಆದಿಯಲ್ಲಿ ಗಣಪತಿಯ ಸ್ತುತಿ, ಪದ್ಯಗಳನ್ನೆಲ್ಲ ಹಾಡುವ ಸೂತ್ರಧಾರ, ಹಾಡಿನ ಅರ್ಥವನ್ನು ಸ್ವಂತ ಮಾತಿನಲ್ಲಿ ಬೆಳೆಸುವ ಪಾತ್ರಧಾರಿ, ನಡುನಡುವೆ ನಗಿಸುವ ವಿದೂಷಕ: ಆ ನಾಟಕಗಳ ಈ ಅಂಗಗಳನ್ನು ಕಂಡಾಗ ಯಕ್ಷಗಾನವನ್ನು ಬಲ್ಲವನಿಗೆ ತನ್ನ ಮನೆಯ ಕೂಸನ್ನೇ ಪರರ ಅಂಗಳದಲ್ಲಿ ಕಂಡಂತಾಗುತ್ತದೆ. ಭಾವೆಯವರು ಈ ಮೂಲವನ್ನು ಮುಚ್ಚಿಡಲಿಲ್ಲ. 1885ರಲ್ಲಿ ಪ್ರಕಟವಾದ ತಮ್ಮ ನಾಟ್ಯಕವಿತಾಸಂಗ್ರಹದ ಪ್ರಸ್ತಾವನೆಯಲ್ಲಿ, ಕರ್ನಾಟಕದ ಭಾಗವತರ ಆಟವೇ ತಮ್ಮ ಯತ್ನಕ್ಕೆ ಪ್ರೇರಣೆಯಾದುದನ್ನು ಅವರೇ ಹೇಳಿಕೊಂಡರು. ಕೀರ್ತಿ ಪಡೆದಿದ್ದ ಮನುಷ್ಯನು, ತನ್ನ ಮೇಲೆ ದಾವೆ ಹೂಡುವ ಶಕ್ತಿಯಾಗಲಿ ಇಚ್ಛೆಯಾಗಲಿ ಇಲ್ಲದ ಬಡ ಮೇಳವೊಂದರ ಋಣವನ್ನು ಒಪ್ಪಿಕೊಂಡ ಈ ಸೌಜನ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಕೊಟ್ಟುದು ಬಡ್ಡಿಸಹಿತವಾಗಿ ಹಿಂದಿರುಗಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತನಾಟಕವಾದ ಶಾಕುಂತಲವನ್ನು ಆಡಿಸಿದ ಮೇಲೆ, ಅಂಥ ನಾಟಕಗಳ ಧಾಟಿಗಳು ಕನ್ನಡದ ನಾಟಕ ಕಂಪನಿಗಳಿಗೂ ಬಂದವು. ಹಳೆಯ ಕಂಪನಿಗಳ ಹಾಡಿನ ಪುಸ್ತಕವೊಂದನ್ನು ತೆರೆದು ನೋಡಿದರೆ, ಹಾಡಿನ ನೆತ್ತಿಯ ಮೇಲೆ ರಾಗತಾಳಗಳೊಡನೆ ಇಂಥ ಹಾಡಿನ ಮಟ್ಟಿನಂತೆ ಎಂದು ಸಣ್ಣಕ್ಷರಗಳಲ್ಲಿ ಅಚ್ಚಾಗಿರುವುದು ಕಾಣುತ್ತದೆ. ಆ ಒಂದು ಸಾಲು ಹಾಡುವವನಿಗೆ ಧಾಟಿಯನ್ನು ತಿಳಿಸುವುದರೊಡನೆ ಮೂಲದ ಹಾಡಿನ ಹೆಸರನ್ನೂ ಉಳಿಸಿಕೊಂಡು ಬಂದಿತು.

ಇನ್ನು ಕಾನೂನಿನ ಮಾತಿಗೆ ಬಂದರೆ, ಸ್ವತಂತ್ರ ಭಾರತದ ಕೃತಿಸ್ವಾಮ್ಯದ ಕಾಯಿದೆ ಬಂದುದು 1957ರಲ್ಲಿ. ಕಾರಂತರು 1997ರಲ್ಲಿ ತೀರಿಕೊಂಡ ಬಳಿಕ, ಅವರು ಹೊಸರೂಪ ಕೊಟ್ಟ ಯಕ್ಷಗಾನ ಪ್ರಸಂಗಗಳ ಹಕ್ಕಿನ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ, 2009ರಲ್ಲಿ ಅದು ಅವರ ಮರಣಶಾಸನದಂತೆ ವಾರಸುಪಡೆದವರ ಪರವಾಗಿ, ವಿದ್ಯಾಸಂಸ್ಥೆಗಳಿಗೆ ಕಾಯಿದೆ ಕೊಟ್ಟಿರುವ ವಿನಾಯಿತಿಯನ್ನು ಉಳಿಸಿ, ತೀರ್ಮಾನವಾಯಿತು. ಕಾಯಿದೆಗೆ ಅವಧಿಯುಂಟು, ಕರ್ತೃವಿನ ಮರಣಾನಂತರ 60 ವರ್ಷ ಕಳೆದರೆ ಕೃತಿಯು ಲೋಕದ ಸ್ವತ್ತು. ಋಣಕ್ಕೆ ಅಂಥ ಅವಧಿಯಿಲ್ಲ.

ಇಂದು ಒಬ್ಬರು ನಿದ್ದೆಗೆಟ್ಟು ಬರೆದ ಪದ್ಯವಾಗಲಿ, ಚಿತ್ರೀಕರಿಸಿದ ಆಟವಾಗಲಿ ಅಂತರ್ಜಾಲದಲ್ಲಿ ಹೆಸರು ಕಳೆದುಕೊಂಡು ಮತ್ತೊಬ್ಬರ ಹೆಸರನ್ನು ಹೊತ್ತು ತಿರುಗುವುದನ್ನು ಕಂಡಾಗ ನನಗೆ ನೋವಾಗುತ್ತದೆ. ದಿನಗಟ್ಟಲೆ ಗರಿ ಕೊರೆದವನಿಗೆ ಮೂಲಕ್ಕೆ ತಲೆಬಾಗಲು ಬಿಡುವಿತ್ತು. ಒಂದು ಕ್ಷಣದಲ್ಲಿ ಪ್ರತಿ ಮಾಡುವ ನಮಗೆ ಇನ್ನೊಂದು ಕ್ಷಣ ಸಿಗದೆಂಬುದು ಒಪ್ಪತಕ್ಕ ಮಾತಲ್ಲ. ಬದುಕಿರುವವರ ಕೃತಿಯಾದರೆ ಕೇಳಿ ತೆಗೆದುಕೊಳ್ಳಿ. ಯಾರದೇ ಆಗಲಿ, ಹೆಸರು ಹೇಳಿ ಹಂಚಿ. ಸಾಂಗಲಿಯಲ್ಲಿ ಆಡಿದ ಆ ಮೇಳದ ನೆನಪು ಇಂದಿಗೂ ಉಳಿದಿರುವುದು, ಪಡೆದವನು ಪಡೆದೆನೆಂದು ಬರೆದಿಟ್ಟುದರಿಂದ.