ಬ್ಲೂಬೆರಿ: ಕುಂಡದಲ್ಲಿ ಬೇಸಾಯ

ಎರಿಕೇಸೀ ಕುಟುಂಬದ, ಉತ್ತರ ಅಮೆರಿಕ ಮೂಲದ ಹಣ್ಣಿನ ಪೊದೆ. ಶಾಸ್ತ್ರೀಯ ನಾಮ ವ್ಯಾಕ್ಸಿನಿಯಂ ಕೋರಿಂಬೋಸಮ್. ಇದನ್ನು ಕಾಡಿನಿಂದ ತೋಟಕ್ಕೆ ತಂದವರು ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಮತ್ತು ನ್ಯೂಜೆರ್ಸಿಯ ಎಲಿಜಬೆತ್ ವೈಟ್. ಅವರ ಮೊದಲ ವಾಣಿಜ್ಯ ಫಸಲು ಮಾರುಕಟ್ಟೆಗೆ ಬಂದದ್ದು 1916ರಲ್ಲಿ. ಹುಳಿಮಣ್ಣಿಲ್ಲದೆ ಈ ಗಿಡ ಏಳದೆಂದು ತೋರಿಸಿಕೊಟ್ಟದ್ದು ಕೊವಿಲ್ ಅವರ ಪ್ರಯೋಗಗಳು.

ಮನೆಯಲ್ಲಿ ಕುಂಡವೇ ಅನುಕೂಲ. ಹಿತ್ತಲ ಮಣ್ಣಿನ ಗುಣ ಬದಲಿಸುವುದಕ್ಕಿಂತ ಕುಂಡದ ಮಿಶ್ರಣದ ಪಿಎಚ್ ಅನ್ನು 4.5ರಿಂದ 5.5ರೊಳಗೆ ಇಡುವುದು ಸುಲಭ. ಬೇರು ಮೇಲ್ಪದರದಲ್ಲೇ ಹರಡುತ್ತದೆ, ಅದಕ್ಕೆ ಬೇರುಗೂದಲಿಲ್ಲ. ಆದ್ದರಿಂದ ಆಳಕ್ಕಿಂತ ಅಗಲ ಮುಖ್ಯ, ತೇವ ಆರಬಾರದು, ನೀರೂ ನಿಲ್ಲಬಾರದು. ಸುಮಾರು 45 ಸೆಂ.ಮೀ. ಅಗಲದ ಕುಂಡಕ್ಕೆ ಪೀಟ್ ಮತ್ತು ಪೈನ್ ತೊಗಟೆಯ ಮಿಶ್ರಣ ಹೊಂದುತ್ತದೆ. ಸುಣ್ಣ, ಬೂದಿ ಸಲ್ಲದು. ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ, ಅದೂ ಚಿಟಿಕೆಯಷ್ಟೇ, ಕೊಡಬೇಕು.

ಸೋಲು ಬರುವುದು ಹೆಚ್ಚಾಗಿ ನೀರಿನಿಂದ. ಕೊಳವೆಬಾವಿಯ ಗಡಸು ನೀರು ಮಿಶ್ರಣದ ಹುಳಿಯನ್ನು ಮೆಲ್ಲಗೆ ತೆಗೆದುಬಿಡುತ್ತದೆ. ಆಗ ಕಬ್ಬಿಣ ದಕ್ಕದೆ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಳೆನೀರು ಉತ್ತಮ.

ಉತ್ತರದ ತಳಿಗಳಿಗೆ ದೀರ್ಘ ಚಳಿ ಬೇಕು. ಬೆಂಗಳೂರಿನಂಥ ಊರಿನಲ್ಲಿ ಕಡಿಮೆ ಚಳಿ ಸಾಕಾಗುವ ‘ಮಿಸ್ಟಿ’, ‘ಸನ್‌ಶೈನ್ ಬ್ಲೂ’ ತಳಿಗಳನ್ನಷ್ಟೇ ಪ್ರಯತ್ನಿಸಬಹುದು. ಮೊದಲ ವರ್ಷದ ಹೂ ಚಿವುಟುವುದು ವಾಡಿಕೆ. ಎರಡು ತಳಿ ಜೊತೆಗಿದ್ದರೆ ಕಾಯಿ ದಪ್ಪ. ನೀಲಿ ತಿರುಗಿದ ಕೂಡಲೇ ಕೊಯ್ದ ಹಣ್ಣು ಹುಳಿ. ಇನ್ನೂ ಕೆಲವು ದಿನ ಗಿಡದಲ್ಲೇ ಬಿಡಬೇಕು, ಬಲೆ ಹೊದಿಸಿ.