ಮೊದಲು ಮತ ಹಾಕಿದವರ ತೂಕ

ಕಾಳಿ ನದಿಯಾಚೆಯ ಚಿತ್ತಾಕುಲದ ಮತದಾರರಿಗೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಹುರಿಯಾಳುಗಳು ಯಾರೆಂದು ತಿಳಿಯುವುದು ಪಕ್ಷಗಳ ಪಟ್ಟಿ ಹೊರಬಿದ್ದ ಮೇಲೆಯೇ. 2024ರಲ್ಲಿ ಬಿಜೆಪಿ, ಆರು ಬಾರಿ ಗೆದ್ದಿದ್ದ ಅನಂತಕುಮಾರ ಹೆಗಡೆಯವರನ್ನು ಬಿಟ್ಟು ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ಟಿಕೆಟ್ ಕೊಟ್ಟಿತು; ಕಾಂಗ್ರೆಸ್ ಅಂಜಲಿ ನಿಂಬಾಳ್ಕರ್ ಅವರನ್ನು ಕಣಕ್ಕಿಳಿಸಿತು. ಎರಡೂ ಹೈಕಮಾಂಡ್ ತೀರ್ಮಾನಗಳೇ. ಅಮೆರಿಕದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಹಕ್ಕು ನಾಯಕರಿಂದ ಮತದಾರರಿಗೆ ದಾಟಿದೆ. ಆದರೆ ಎಲ್ಲ ಮತದಾರರಿಗೂ ಅದು ಸಮನಾಗಿ ಹಂಚಿಕೆಯಾಗಿಲ್ಲ.

ಅಲ್ಲಿಯೂ ಬಹುಕಾಲ ನಾಯಕರದೇ ಕಾರುಬಾರು. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಪ್ರೈಮರಿಗಳಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯ ಆಯ್ಕೆಗೆ ರಾಜ್ಯಗಳಲ್ಲಿ ನಡೆಯುವ ಮತದಾನಗಳಲ್ಲಿ, ಹೆಚ್ಚಿನವನ್ನು ಗೆದ್ದರೂ ರಿಪಬ್ಲಿಕನ್ ಸಮಾವೇಶ ಆಗಿನ ಅಧ್ಯಕ್ಷ ಟಾಫ್ಟ್ ಅವರನ್ನೇ ಆರಿಸಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ಇಳಿಯದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಆ ವರ್ಷದ ಷಿಕಾಗೋ ಸಮಾವೇಶದಲ್ಲಿ ಸಿಡಿದ ಆಕ್ರೋಶದ ಬಳಿಕ ಪಕ್ಷ ನಿಯಮ ಬದಲಿಸಿತು. 1972ರಿಂದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳ ಆಯ್ಕೆಗೆ ಪ್ರೈಮರಿ, ಪಕ್ಷದವರ ಸ್ಥಳೀಯ ಸಭೆಗಳಾದ ಕಾಕಸ್‌ಗಳೇ ದಾರಿಯಾದವು. ಹಲವು ಹಂತಗಳ ಕಾಕಸ್‌ಗೆ ಸಮಯ ಬೇಕೆಂದು ಅಯೋವಾ ಆ ವರ್ಷ ಬೇಗ ಶುರುಮಾಡಿತು. ಮೊದಲ ಪ್ರೈಮರಿಯ ಸ್ಥಾನವನ್ನು ನ್ಯೂ ಹ್ಯಾಂಪ್‌ಶೈರ್ ಕಾನೂನಿನಿಂದಲೇ ಕಾಯ್ದುಕೊಂಡಿತು. 1976ರಲ್ಲಿ ದೇಶಕ್ಕೆ ಅಷ್ಟಾಗಿ ಪರಿಚಯವಿಲ್ಲದ ಜಿಮ್ಮಿ ಕಾರ್ಟರ್ ಈ ಎರಡು ಸಣ್ಣ ರಾಜ್ಯಗಳಿಂದಲೇ ಮುನ್ನೆಲೆಗೆ ಬಂದರು.

ಮೊದಲು ಮತ ಹಾಕುವ ರಾಜ್ಯಗಳ ಈ ಪ್ರಭಾವದ ಮರ್ಮವನ್ನು ವಿದ್ವಾಂಸರು ಬಗೆಬಗೆಯಾಗಿ ಬಿಡಿಸಿದ್ದಾರೆ. 1988ರಲ್ಲಿ ಲ್ಯಾರಿ ಬಾರ್ಟೆಲ್ಸ್ ಮುನ್ನುಗ್ಗುವಿಕೆಯನ್ನು ಅಧ್ಯಯನಕ್ಕೆ ಒಳಪಡಿಸಿದರು: ಮೊದಲ ಗೆಲುವು ಸುದ್ದಿಯನ್ನೂ ದೇಣಿಗೆಯನ್ನೂ ಸೆಳೆಯುತ್ತದೆ, ಅವು ಮುಂದಿನ ಗೆಲುವಿಗೆ ಹಾದಿ ಮಾಡುತ್ತವೆ. 2004ರ ಡೆಮಾಕ್ರಟಿಕ್ ಸ್ಪರ್ಧೆಯನ್ನು ಪರಿಶೀಲಿಸಿದ ಬ್ರಯನ್ ನೈಟ್ ಮತ್ತು ನೇಥನ್ ಷಿಫ್, ಮೊದಲು ಮತ ಹಾಕಿದವರ ಪ್ರಭಾವ ಕೊನೆಗೆ ಹಾಕಿದವರದಕ್ಕಿಂತ ಐದು ಪಟ್ಟಿನವರೆಗೂ ಇರಬಹುದೆಂದು 2010ರಲ್ಲಿ ಲೆಕ್ಕ ಹಾಕಿದರು. ಸೋತವರು ಹಣವಿಲ್ಲದೆ ಹಿಂದೆ ಸರಿಯುವುದರಿಂದ ತಡವಾಗಿ ಮತ ಹಾಕುವ ರಾಜ್ಯಗಳಿಗೆ ಉಳಿಯುವುದು ಮೊಟಕಾದ ಪಟ್ಟಿ. ಮತದಾನಕ್ಕೂ ಮೊದಲೇ ನಾಯಕರ ಬೆಂಬಲ ಕಣವನ್ನು ಹದಗೊಳಿಸುತ್ತದೆ ಎಂದು 2008ರಲ್ಲಿ ‘ದಿ ಪಾರ್ಟಿ ಡಿಸೈಡ್ಸ್’ ಗ್ರಂಥ ವಾದಿಸಿತು. 2016ರಲ್ಲಿ ಅಂಥ ಹೆಚ್ಚಿನ ಬೆಂಬಲವಿಲ್ಲದೆಯೇ ಗೆದ್ದ ಟ್ರಂಪ್ ಆ ವಾದವನ್ನು ಅಲುಗಾಡಿಸಿದರು.

2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಕಪ್ಪು ಮತದಾರರು ಬಹುಸಂಖ್ಯೆಯಲ್ಲಿರುವ ಸೌತ್ ಕೆರೊಲಿನಾದ ಡೆಮಾಕ್ರಟಿಕ್ ಪ್ರೈಮರಿ ಅವರನ್ನು ಎತ್ತಿ ನಿಲ್ಲಿಸಿತು. 2024ಕ್ಕೆ ಪಕ್ಷ ಆ ರಾಜ್ಯಕ್ಕೇ ಮೊದಲ ಸರದಿ ಕೊಟ್ಟಿತು. ಒಪ್ಪದ ನ್ಯೂ ಹ್ಯಾಂಪ್‌ಶೈರ್ ಅದಕ್ಕೂ ಮುಂಚೆ ತನ್ನ ಪ್ರೈಮರಿ ನಡೆಸಿತು.

ಅಭ್ಯರ್ಥಿಯನ್ನು ಮತದಿಂದ ಆರಿಸುವ ಈ ಹಾದಿಯನ್ನು ಕರ್ನಾಟಕವೂ ಒಮ್ಮೆ ಮುಟ್ಟಿನೋಡಿದೆ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಆಂತರಿಕ ಮತದಾನ ನಡೆಸಿತು. ಗೆದ್ದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು, ಪ್ರಯೋಗ ರೂಢಿಯಾಗಲಿಲ್ಲ. ಆದರೆ ಅಲ್ಲಿ ಮತ ಹಾಕಿದ್ದು ಪಕ್ಷದೊಳಗಿನವರು, ಕ್ಷೇತ್ರದ ಸಾಮಾನ್ಯ ಮತದಾರರಲ್ಲ. ಆದ್ದರಿಂದ ಎರಡು ಸೋಲುಗಳು ಆ ವಿಧಾನವನ್ನೇ ಸುಳ್ಳಾಗಿಸಲಾರವು. ಅಮೆರಿಕ ಯಾರು ಮೊದಲು ಮತ ಹಾಕಬೇಕೆಂದು ಜಗಳವಾಡುತ್ತಿದೆ. ನಮ್ಮ ಪಕ್ಷಗಳು ಅದಕ್ಕೂ ಹಿಂದಿನ ಪ್ರಶ್ನೆಯನ್ನು, ಅಂದರೆ ಯಾರಿಗೆ ಮತವಿರಬೇಕೆಂಬುದನ್ನು, ಇನ್ನೂ ಇತ್ಯರ್ಥ ಮಾಡಬೇಕಿದೆ.